ಆನೆ, ಕುದುರೆ ಮತ್ತು ಬಂಗ್ಲಾದ ಬ್ರೇಕರ್

ಬಸವಕಲ್ಯಾಣದ ಬಂಗ್ಲಾ ಕ್ರಾಸಿನ ಚಾ ಅಂಗಡಿಯಲ್ಲಿ ಮೂರು ವಾರದಿಂದ ಒಂದೇ ಜಗಳ. ರೇಸ್ ಟ್ರ್ಯಾಕಿನ ಮೇಲೆ ಓಡಿಸಲು ಲೋಟಸ್ ಎಲಿಸ್ ಮೇಲೋ, ನಿಸ್ಸಾನ್ ಜಿಟಿ-ಆರ್ ಮೇಲೋ? ವಾದಿಸುವವರು ಇಬ್ಬರು. ಒಬ್ಬನದು ಇಲ್ಲೇ ಆಟೋನಗರದಲ್ಲಿ ಸ್ಪೇರ್‌ಪಾರ್ಟ್ ಅಂಗಡಿ. ಇನ್ನೊಬ್ಬ ಹುಮನಾಬಾದಿನವನು, ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸ, ಶನಿವಾರ ಊರಿಗೆ ಬರುತ್ತಾನೆ. ಮೊದಲನೆಯವನಿಗೆ ಒಂದು ಹಳೇ ಸ್ಪ್ಲೆಂಡರ್ ಬೈಕಿದೆ, ಎರಡನೆಯವನಿಗೆ ಕಂತು ತೀರದ ಆಲ್ಟೊ ಇದೆ. ಎರಡೂ ಸದ್ಯ ರಿಪೇರಿಗೆ ಹೋಗಿವೆ. ಇಬ್ಬರೂ ಆ ಎರಡು ಕಾರುಗಳನ್ನು ಕಣ್ಣಾರೆ ಕಂಡವರಲ್ಲ. ಹಾಗಾಗಿಯೇ ವಾದಕ್ಕೆ ಇಷ್ಟು ಸೊಗಸು ಬಂದಿದೆ.

ಸ್ಪೇರ್‌ಪಾರ್ಟಿನವನು ಹಗುರಿನ ಪಕ್ಷ. 1996ರ ಎಲಿಸ್ ಬರೀ 725 ಕಿಲೋ, ಎಂಜಿನ್ 1.8 ಲೀಟರ್, ಕುದುರೆಶಕ್ತಿ 118. ಕಂಪನಿಯ ಆಗಿನ ಯಜಮಾನರು ಅದಕ್ಕೆ ತಮ್ಮ ಮೊಮ್ಮಗಳ ಹೆಸರಿಟ್ಟರು ಎಂಬುದನ್ನು ಅವನು ತನ್ನ ಮನೆಯ ತೊಟ್ಟಿಲ ಶಾಸ್ತ್ರದಂತೆ ಹೇಳುತ್ತಾನೆ. ಲೋಟಸ್ ಅಂದರೆ ಕಮಲ ಎಂದು ಯಾರೋ ಬಿಡಿಸಿ ಹೇಳಿದ್ದೇ ತಡ, ಪಕ್ಕದ ಬೆಂಚಿನ ಹಿರಿಯರೊಬ್ಬರು ಚುನಾವಣೆಯ ಮಾತು ಶುರುವಾಯಿತೆಂದು ಬಗೆದು ಅರ್ಧ ಚಾ ಬಿಟ್ಟು ಎದ್ದುಹೋದರು.

ಕಂಪ್ಯೂಟರಿನವನು ಬಲದ ಪಕ್ಷ. ಜಿಟಿ-ಆರ್ ಸುಮಾರು 1,740 ಕಿಲೋದ ಆಸಾಮಿ. 3.8 ಲೀಟರ್ ಎಂಜಿನ್, ಎರಡು ಟರ್ಬೊ, ನಾಲ್ಕೂ ಗಾಲಿಗೆ ಬಲ. 2016ರ ಕೊನೆಗೆ ಭಾರತಕ್ಕೆ ಬಂದಾಗ ಅದರ ಶಕ್ತಿ ಐನೂರರವತ್ತರ ಮೇಲಿತ್ತು, ಬೆಲೆ 1.99 ಕೋಟಿ. ಅದರ ನಿಸ್ಮೊ ಅವತಾರ 2013ರಲ್ಲಿ ಜರ್ಮನಿಯ ನೂರ್ಬುರ್ಗ್‌ರಿಂಗಿನ ಒಂದು ಸುತ್ತನ್ನು 7 ನಿಮಿಷ 8 ಸೆಕೆಂಡಿನಲ್ಲಿ ಮುಗಿಸಿತು. ಸೆಕೆಂಡಿನ ಸಾವಿರದ ಭಾಗವೂ ಇವನಿಗೆ ಬಾಯಿಪಾಠ. ಆಲ್ಟೊದ ಕಂತಿನ ತಾರೀಖು ಮಾತ್ರ ನೆನಪಿರುವುದಿಲ್ಲ, ಬ್ಯಾಂಕಿನವರೇ ಫೋನ್ ಮಾಡುತ್ತಾರೆ.

ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಒಂದೇ ವೇಗದಲ್ಲಿ ಬರುವ ಎರಡು ಕಾರುಗಳಲ್ಲಿ ಜಪಾನಿನ ಜಿಟಿ-ಆರ್ ಹೊತ್ತು ತರುವ ಚಲನಶಕ್ತಿ ಇಂಗ್ಲೆಂಡಿನ ಎಲಿಸ್‌ನದಕ್ಕಿಂತ ಸುಮಾರು ಎರಡೂವರೆ ಪಟ್ಟು. ತಿರುವಿಗೆ ಮುಂಚೆ ಅದನ್ನೆಲ್ಲ ಬ್ರೇಕು ಬಿಸಿಮಾಡಿ ಕರಗಿಸಬೇಕು. ನಾಲ್ಕು ಸುತ್ತು ಹೊಡೆಯುವುದರೊಳಗೆ ಬ್ರೇಕು ಕಾಯುತ್ತದೆ, ಟೈರು ಸವೆಯುತ್ತದೆ. ಹಗುರದ ಕಾರು ತಡವಾಗಿ ಬ್ರೇಕು ಒತ್ತಿ ತಿರುವಿನೊಳಗೆ ನುಸುಳುತ್ತದೆ. ತಿರುವು ಮುಗಿದು ನೇರ ದಾರಿ ಸಿಕ್ಕಿತೋ, ಬಲದ ಕಾರು ಕಳೆದುಕೊಂಡದ್ದನ್ನೆಲ್ಲ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಬಾಗಲಕೋಟೆ ಕಡೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶರ್ಯತ್ತಿನ ಗಾಡಿಗೆ ಕಟ್ಟುವ ಎತ್ತೇ ಬೇರೆ, ಗಾಲಿ ಕಟ್ಟಿ ಭಾರ ಹೇರಿದ ತೆರಬಂಡಿ ಎಳೆಯುವ ಎತ್ತೇ ಬೇರೆ ಎಂದು ಅವನಿಗೆ ಗೊತ್ತು.

ಎರಡನೇ ಶನಿವಾರ ತೀರ್ಪಿಗೆಂದು ಆಟೋನಗರದ ಮಿಸ್ತ್ರಿ ಕಾಕಾನನ್ನು ಕರೆತಂದರು. ಲಾರಿಗೆ ಬಾಡಿ ಕಟ್ಟುತ್ತಲೇ ತಲೆ ನರೆಸಿಕೊಂಡ ಮನುಷ್ಯ. ಎಲಿಸ್‌ನ ಅಲ್ಯೂಮಿನಿಯಂ ಚಾಸಿ 68 ಕಿಲೋ ಎಂದಾಗ ಕಾಕಾ ಬೀಡಿ ಇಳಿಸಿದ.

“ವೆಲ್ಡಿಂಗ್ ಹ್ಯಾಂಗ ಮಾಡ್ಯಾರ?”

“ವೆಲ್ಡಿಂಗ್ ಇಲ್ಲ ಕಾಕಾ. ಅಂಟು ಹಚ್ಚಿ ಕೂಡಿಸ್ಯಾರ.”

ಕಾಕಾ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಲಗ್ನದ ಪತ್ರಿಕಾ ಅಂಟಿಸಿದಂಗ?” ಎಂದ.

ಜಿಟಿ-ಆರ್‌ನ ಪ್ರತಿ ಎಂಜಿನನ್ನು ಒಬ್ಬನೇ ಕುಶಲಕರ್ಮಿ ಕೈಯಾರೆ ಜೋಡಿಸಿ ಅದರ ಮೇಲೆ ತನ್ನ ಹೆಸರಿನ ಪಟ್ಟಿ ಕೂರಿಸುತ್ತಾನೆ ಎಂಬ ಸಂಗತಿ ಕಾಕಾನಿಗೆ ವಿಶೇಷ ಅನ್ನಿಸಲಿಲ್ಲ. “ನಾವೂ ಬರೀತೇವಪ್ಪಾ. ಮ್ಯಾಲ ಹೆಸರು, ಕೆಳಗ ಫೋನ್ ನಂಬರ್.” ಎಲ್ಲಾ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ: “ಎಷ್ಟು ಟನ್ ಮಾಲ್ ಹಿಡೀತಾವ?” ಎರಡರಲ್ಲೂ ಸರಿಯಾಗಿ ಒಂದು ಚೀಲ ತೊಗರಿ ಹಿಡಿಯುವುದಿಲ್ಲ ಎಂದು ತಿಳಿದದ್ದೇ ಪಂಚಾಯ್ತಿ ಬಿಟ್ಟು ಎದ್ದ.

ಸರಿ, ಓಡಿಸುವುದಾದರೂ ಎಲ್ಲಿ? ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಫಾರ್ಮುಲಾ ಒನ್ 2011ರಿಂದ 2013ರ ತನಕ ನಡೆಯಿತು. ಇದು ಕ್ರೀಡೆಯಲ್ಲ, ಮನರಂಜನೆ ಎಂದು ಉತ್ತರ ಪ್ರದೇಶ ಸರಕಾರ ತೆರಿಗೆ ಕೇಳಿತು, ಜಗಳ ಬೆಳೆಯಿತು, ರೇಸು ನಿಂತಿತು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಲ್ಲಿ 3.7 ಕಿಲೋಮೀಟರಿನ ಟ್ರ್ಯಾಕಿದೆ. ಬಂಗ್ಲಾದಿಂದ ಎಂಟುನೂರು ಕಿಲೋಮೀಟರಿನ ಹತ್ತಿರ, ಹೋಗಿ ಮುಟ್ಟುವುದರೊಳಗೆ ಟ್ರ್ಯಾಕಿನ ಆಸೆ ತೀರಿರುತ್ತದೆ. ಹೈದರಾಬಾದಿನಲ್ಲಿ 2023ರ ಫೆಬ್ರವರಿಯಲ್ಲಿ ಹುಸೇನ್‌ಸಾಗರದ ದಂಡೆ ಮೇಲೆ ಕರೆಂಟಿನ ಕಾರುಗಳ ಫಾರ್ಮುಲಾ ಇ ನಡೆಯಿತು. ನಮ್ಮ ಕಂಪ್ಯೂಟರಿನವನು ನೋಡಿಬಂದು, “ಸಪ್ಪಳೇ ಇಲ್ಲ ಅಣ್ಣಾ, ಮಿಕ್ಸರ್ ತಿರುಗಿದಂಗ” ಎಂದಿದ್ದ. ಮರುವರ್ಷ ಅದೂ ರದ್ದಾಯಿತು.

ಈ ಊರಿಗೆ ಟ್ರ್ಯಾಕಿನ ಗಂಧವೇ ಇರಲಿಲ್ಲ ಅಂದುಕೊಳ್ಳಬೇಡಿ. ಒಂಬೈನೂರು ವರ್ಷದ ಹಿಂದೆ ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ‘ಮಾನಸೋಲ್ಲಾಸ’ದಲ್ಲಿ ಈ ವಿಷಯಕ್ಕೇ ಅಧ್ಯಾಯಗಳನ್ನು ಮೀಸಲಿಟ್ಟಿದ್ದಾನೆ. ಆನೆ ಓಡಿಸುವ ಅಂಗಳದ್ದು ಗಜವಾಹ್ಯಾಳಿ, ಕುದುರೆ ಏರಿ ಚೆಂಡಾಡುವುದು ವಾಜಿವಾಹ್ಯಾಳಿ. ನಮ್ಮ ಹಳಗನ್ನಡದವರ ‘ವೈಹಾಳಿ’ ಇದೇ. ಭಾರದ ವಾಹನ, ಹಗುರದ ವಾಹನ, ಎರಡನ್ನೂ ದೊರೆ ಬೇರೆ ಬೇರೆ ಅಧ್ಯಾಯದಲ್ಲಿಟ್ಟ. ಆನೆ ಮೇಲೋ ಕುದುರೆ ಮೇಲೋ ಎಂದು ಚಾ ಕುಡಿಯುತ್ತ ಕೂರಲಿಲ್ಲ, ಅವನ ಹತ್ತಿರ ಎರಡೂ ಇದ್ದವು. ಆದರೆ ಇಡೀ ಭಾಗಕ್ಕೆ ಅವನು ‘ವಿನೋದ ವಿಂಶತಿ’ ಎಂದು ಹೆಸರಿಟ್ಟ. ಉತ್ತರ ಪ್ರದೇಶದ ತೆರಿಗೆ ಅಧಿಕಾರಿಗಳು ಓದಿಕೊಂಡವರು ಎಂದು ನನಗೆ ಗೊತ್ತಾದದ್ದು ಆಗ.

ಇರಲಿ, ದೇವರು ಕಣ್ಣುಬಿಟ್ಟು ಜಿಟಿ-ಆರ್ ಬಂತೆನ್ನಿ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಆಜೀವ ತೆರಿಗೆ ಶೇಕಡಾ 18. ಅಂದರೆ ಮೂವತ್ತೈದು ಲಕ್ಷಕ್ಕೂ ಮಿಗಿಲು ಕಟ್ಟಿ, ಕೆಎ-56 ಪ್ಲೇಟು ಹಾಕಿಸಿ, ಬಂಗ್ಲಾಕ್ಕೆ ತರಬೇಕು. ಅಲ್ಲಿ ಬ್ರೇಕರ್ ಕಾದು ಮಲಗಿರುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಂತೆ ರಸ್ತೆಯುಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಜಿಟಿ-ಆರ್‌ನ ಹೊಟ್ಟೆ ನೆಲದಿಂದ ಹತ್ತೂವರೆ ಸೆಂಟಿಮೀಟರ್ ಮೇಲೆ. ಪುಸ್ತಕದ ಪ್ರಕಾರ ಐದು ಮಿಲಿಮೀಟರ್ ಉಳಿಯುತ್ತದೆ. ನಮ್ಮ ಕಡೆ ಬ್ರೇಕರ್ ಹಾಕುವವರು ಆ ಪುಸ್ತಕ ಓದಿಲ್ಲ. ಒಂದು ಅಪಘಾತವಾದ ಮರುದಿನ ಒಂದು ಟ್ರ್ಯಾಕ್ಟರ್ ಡಾಂಬರು ತಂದು, ಸಿಟ್ಟು ಎಷ್ಟಿದೆಯೋ ಅಷ್ಟು ಎತ್ತರಕ್ಕೆ ಸುರಿಯುತ್ತಾರೆ. ಅದರ ಮೇಲೆ ಸಿಕ್ಕಿಬಿದ್ದ ಎರಡು ಕೋಟಿಯ ಕಾರನ್ನು ಸ್ಥಾವರ ಎನ್ನಬೇಕೋ ಜಂಗಮ ಎನ್ನಬೇಕೋ, ಕಲ್ಯಾಣದವರೇ ತೀರ್ಮಾನಿಸಲಿ.

ಇಷ್ಟೆಲ್ಲದರ ನಡುವೆ ಮೊನ್ನೆ ನಾನೊಂದು ಅಪಚಾರ ಮಾಡಿದೆ. ಎಲಿಸ್ ತಯಾರಿ 2021ರಲ್ಲೇ ನಿಂತಿದೆ, ಲೋಟಸ್ ಭಾರತಕ್ಕೆ ಅಧಿಕೃತವಾಗಿ ಕಾಲಿಟ್ಟದ್ದು 2023ರಲ್ಲಿ, ಜಿಟಿ-ಆರ್‌ನ ಕೊನೇ ಗಾಡಿಯೂ 2025ರ ಆಗಸ್ಟಿನಲ್ಲಿ ಕಾರ್ಖಾನೆ ಬಿಟ್ಟಿತು ಎಂದೆ. ಇಬ್ಬರೂ ನನ್ನನ್ನು ಒಗ್ಗಟ್ಟಾಗಿ ನೋಡಿದರು. ಮೂರು ವಾರದಲ್ಲಿ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ. “ನಿಮಗ ಗಾಡಿ ವಿಷಯ ತಿಳಿಯಂಗಿಲ್ಲ ಬಿಡ್ರಿ ಸರ್.”

ಕತ್ತಲಾಗುತ್ತಿತ್ತು. ಹುಮನಾಬಾದಿನ ಕಡೆ ಹೊರಟ ಕ್ರೂಸರ್ ಬಂದು ನಿಂತಿತು. ಸ್ಪೇರ್‌ಪಾರ್ಟಿನವನಿಗೂ ಅಲ್ಲೇ ಏನೋ ವಸೂಲಿ ಕೆಲಸ, ನನಗೂ ಮಾಣಿಕನಗರಕ್ಕೆ ಹೋಗಬೇಕಿತ್ತು, ಮೂವರೂ ಓಡಿದೆವು. ಟ್ರ್ಯಾಕಿನ ಗಾಡಿ ಅಂದರೆ ಇದು. ಕ್ರೂಸರಿನ 2.6 ಲೀಟರ್ ಡೀಸೆಲ್ ಎಂಜಿನ್ನಿನ ಮೂಲ ಕೆದಕಿದರೆ ಹಳೆಯ ಮರ್ಸಿಡಿಸ್ ಸಿಗುತ್ತದೆ. ಹನ್ನೆರಡು ಮಂದಿಗೆ ಸೀಟು, ಇಪ್ಪತ್ತೊಂದು ಮಂದಿಗೆ ಜಾಗ. ಹೆದ್ದಾರಿ 65ರ ಮೇಲೆ ರಾಜೇಶ್ವರದ ತನಕ ಅದನ್ನು ಹಿಂದೆ ಹಾಕಿದವರನ್ನು ನಾನು ಕಂಡಿಲ್ಲ. ಎದುರಾಳಿ ಇದ್ದರೆ ಟಂಟಂ ಒಂದೇ. ಮೂರೇ ಗಾಲಿ, ಮೈಯೆಲ್ಲ ಹಗುರ, ಎರಡು ಲಾರಿ ನಡುವೆ ಗಾಳಿ ಹಾಯದ ಸಂದಿಯಲ್ಲೂ ಅದು ಹಾಯುತ್ತದೆ. ಅದಕ್ಕೆ ಎದುರಿನ ದಾರಿ, ಈಚೆಯ ದಾರಿ ಎಂಬ ಭೇದವೂ ಇಲ್ಲ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಡ್ರೈವರ್ ಕೆಳಗಿಳಿದು ಒಂದು ಸುತ್ತು ಬಂದ, ಹಿಂದಿನ ಟೈರಿಗೆ ಒಂದು ಒದೆ ಕೊಟ್ಟ, ನಮ್ಮ ಮೂವರನ್ನೂ ಮೇಲಿನಿಂದ ಕೆಳಗೆ ಅಳೆದ.

“ವಜ್ಜಾ ಇದ್ದವ್ರು ಮುಂದ ಕೂಡ್ರಿ. ಹಗೂರ ಇದ್ದವ್ರು ಟಾಪ್ ಹತ್ರಿ.”

ಬಲದ ಪಕ್ಷದವನು ಗೇರ್ ಲಿವರಿನ ಮಗ್ಗುಲಿಗೆ ಒಂದು ತೊಡೆ ಊರಿದ. ಹಗುರಿನ ಪಕ್ಷದವನು ಮಾತಿಲ್ಲದೆ ಹಿಂದಕ್ಕೆ ಹೋಗಿ ಏಣಿ ಹತ್ತಿದ.