ರಾಯಕೋಟೆಯ ಬಂಡೆಯಿಂದ ಕ್ಯಾಪ್ಟನ್ ಟ್ರೈಪ್ ಅವರಿಗೆ

ಮಾನ್ಯ ಕ್ಯಾಪ್ಟನ್ ಲಿನೇಯಸ್ ಟ್ರೈಪ್ ಅವರಿಗೆ,

1902ರಲ್ಲೇ ತೀರಿಕೊಂಡವರಿಗೆ ಈಗ ಪತ್ರವೇಕೆ, ಅದೂ ಬಹಿರಂಗವಾಗಿ, ಎಂದು ಓದುವವರು ಕೇಳಿಯಾರು. ನಮ್ಮ ಸೀಮೆಯ ಬೆಟ್ಟಗುಡ್ಡಗಳನ್ನು ಕ್ಯಾಮೆರಾದಲ್ಲಿ ಹಿಡಿದು ಒಂದು ಸಂಪುಟವನ್ನೇ ಮಾಡಿದವರು ನೀವು. 1858ರ ಆ ಸಂಪುಟದ ಹೆಸರಿನಲ್ಲೇ ರಾಯಕೋಟೆಯೂ ಇದೆ, ಸೇಲಂ ಜಿಲ್ಲೆಯೂ ಇದೆ. ಆಗ ಇದೆಲ್ಲ ಸೇಲಂ ಜಿಲ್ಲೆಗೇ ಸೇರಿತ್ತು. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಹೊಸೂರಿನ ಹುಡುಗರೂ ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವ ಗೆಳೆಯರೂ ಯಾವ ಟ್ರೈಪಾಡ್ ಕೊಳ್ಳಲಿ, ಯಾವ ಬ್ಯಾಗ್ ಕೊಳ್ಳಲಿ ಎಂದು ನನ್ನನ್ನು ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳಬೇಕಾದ್ದನ್ನು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳಿದರೆ ಮಾತು ಹಳಿ ತಪ್ಪುವುದಿಲ್ಲ ಅನ್ನಿಸಿತು.

ನಿಮ್ಮ ಕಾಲದಲ್ಲಿ ಚಿಕ್ಕ ನೆಗೆಟಿವನ್ನು ದೊಡ್ಡ ಚಿತ್ರ ಮಾಡಿಕೊಳ್ಳುವ ಅನುಕೂಲವಿರಲಿಲ್ಲ. ಚಿತ್ರ ಎಷ್ಟು ದೊಡ್ಡದಾಗಬೇಕೋ ನೆಗೆಟಿವೂ ಅಷ್ಟೇ ದೊಡ್ಡದಿರಬೇಕು. ನಿಮ್ಮದು ಹೆಚ್ಚುಕಡಿಮೆ 12 ಅಂಗುಲಕ್ಕೆ 15 ಅಂಗುಲ. ಅದಕ್ಕೆ ತಕ್ಕ ಮರದ ಕ್ಯಾಮೆರಾ, ಅದನ್ನು ಹೊರುವ ಮುಕ್ಕಾಲಿ, ಔಷಧಿಯ ಸೀಸೆಗಳು, ಇವನ್ನೆಲ್ಲ ಎಳೆಯಲು ಎತ್ತಿನ ಗಾಡಿ. ಹಸಿ ಕೊಲೋಡಿಯನ್ ಹಚ್ಚಿದ ಗಾಜನ್ನು ಒಣಗುವ ಮೊದಲೇ ತೊಳೆಯಬೇಕು, ಅಂದರೆ ಹೋದಲ್ಲೆಲ್ಲ ಕತ್ತಲೆಯ ಡೇರೆ ಹಾಕಬೇಕು. ಮೇಣ ಸವರಿದ ಕಾಗದವನ್ನಾದರೆ ಮೊದಲೇ ಸಿದ್ಧಮಾಡಿಟ್ಟುಕೊಳ್ಳಬಹುದು. ಒಡೆಯುವ ಭಯವಿಲ್ಲ, ಭಾರವೂ ಇಲ್ಲ. 1855ರಲ್ಲಿ ಬರ್ಮಾಕ್ಕೆ ಹೋದಾಗ ನೀವು ಆ ಕಾಗದವನ್ನೇ ನಂಬಿದಿರಿ. ಗಾಜಿನಷ್ಟು ನವಿರಾದ ವಿವರ ಅದರಲ್ಲಿ ಬರುವುದಿಲ್ಲವೆಂದು ಗೊತ್ತಿದ್ದೂ ನಂಬಿದಿರಿ. ಏನನ್ನು ಬಿಟ್ಟು ಹೊರಡಬೇಕೆಂಬ ತೀರ್ಮಾನ ನಿಮಗೆ ಮನೆಯಲ್ಲೇ ಆಗಿತ್ತು. ನಮ್ಮ ಗೆಳೆಯರ ಬೆನ್ನ ಮೇಲಿನ ಬ್ಯಾಗ್ ನೋಡಿದರೆ ಆ ತೀರ್ಮಾನ ಬೆಟ್ಟದ ಅರ್ಧ ದಾರಿಯಲ್ಲಿ, ಏದುಸಿರು ಬಿಡುವಾಗ ಆಗುತ್ತಿದೆ.

ರಾಯಕೋಟೆಯ ದುರ್ಗ ನಿಮಗೆ ಹೊಸದಾಗಿ ಹೇಳಬೇಕಾದ ಜಾಗವಲ್ಲ. 1791ರಲ್ಲಿ ಟಿಪ್ಪುವಿನ ಕೈಯಿಂದ ಹೋದದ್ದು, ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಪ್ರಾಂತ್ಯವೇ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ್ದು, ಅದೇ 1792ರಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಈ ದಾರಿಯಲ್ಲಿ ಬಂದು ಚಿತ್ರ ಬರೆದುಕೊಂಡು ಹೋದದ್ದು ನಿಮಗೆ ಗೊತ್ತಿದ್ದೇ ಇರುತ್ತದೆ. ಆದರೆ ಆ ಬಂಡೆಯ ಸ್ವಭಾವ ಈಗಿನವರಿಗೆ ಹೇಳಬೇಕು. ಇಡೀ ಬೆಟ್ಟ ಒಂದೇ ಕಲ್ಲು ಅನ್ನುವ ಹಾಗಿದೆ. ಮಣ್ಣಿಲ್ಲದ ಕಡೆ ಮುಕ್ಕಾಲಿಯ ಚೂಪು ಮೊಳೆ ಕೆಲಸಕ್ಕೆ ಬಾರದು, ಜಾರುತ್ತದೆ. ಅಲ್ಲಿ ಅಗಲವಾದ ರಬ್ಬರ್ ಪಾದವೇ ಬೇಕು. ಇಳಿಜಾರಿನಲ್ಲಿ ಎರಡು ಕಾಲು ಕೆಳಕ್ಕೆ, ಒಂದು ಕಾಲು ಮೇಲಕ್ಕೆ, ಮೇಲಿನದನ್ನು ಗಿಡ್ಡ ಮಾಡಿ ನಿಲ್ಲಿಸಬೇಕು. ಮೂರು ಕಾಲೂ ಬೇರೆ ಬೇರೆ ಕೋನದಲ್ಲಿ ಅಗಲುವ ಟ್ರೈಪಾಡ್ ಆದರೆ ಇದು ಸುಲಭ. ಅಂಗಡಿಯ ನುಣುಪು ನೆಲದ ಮೇಲೆ ಎಲ್ಲ ಟ್ರೈಪಾಡೂ ನೆಟ್ಟಗೆ ನಿಲ್ಲುತ್ತದೆ. ಕೊಳ್ಳುವ ಮುಂಚೆ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ತಲೆಯನ್ನು ಒತ್ತಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ನಡುವಿನ ಕಂಬದ ವಿಷಯದಲ್ಲಿ ನಾನು ಹಟಮಾರಿ. ಕಾಲುಗಳ ಎತ್ತರ ಸಾಲದೆಂದು ಕಂಬವನ್ನು ಮೇಲೆತ್ತಿದೊಡನೆ ಮೂರು ಕಾಲಿನ ಭದ್ರತೆ ಒಂದು ಕೋಲಿನ ಮೇಲೆ ಬಂದು ಕೂರುತ್ತದೆ. ಕೋಟೆಯ ನೆತ್ತಿಯಲ್ಲಿ ಬೆಳಗಿನ ಗಾಳಿ ಬೀಸುವಾಗ ಅದು ನಡುಗದೆ ಇರುವುದಿಲ್ಲ, ಆ ನಡುಕ ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಕಾಣುವುದೂ ಇಲ್ಲ. ಕಂಬ ಎತ್ತದೆಯೇ ಕಣ್ಣಿನ ಮಟ್ಟಕ್ಕೆ ಬರುವ ಟ್ರೈಪಾಡ್ ಕೊಳ್ಳಿ. ಕಾಲು ಬಿಚ್ಚುವಾಗ ದಪ್ಪ ಭಾಗದಿಂದ ಶುರುಮಾಡಿ. ತೆಳ್ಳಗಿನ ಕೊನೆಯ ಕೊಳವೆ ಅಗತ್ಯ ಬಿದ್ದರಷ್ಟೇ. ಭಾರಕ್ಕೆಂದು ಕೊಕ್ಕೆಗೆ ಬ್ಯಾಗ್ ನೇತುಹಾಕಿದರೆ ಅದು ಗಾಳಿಗೆ ತೂಗಾಡಬಾರದು, ತಳ ನೆಲಕ್ಕೆ ತಾಗಿರಬೇಕು. ಲೆನ್ಸಿನಲ್ಲಿರುವ ಅಲುಗಾಟ ತಡೆಯುವ ಸ್ವಿಚ್ ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ. ಕಾರ್ಬನ್ ಫೈಬರ್ ಹಗುರ, ಡಿಸೆಂಬರಿನ ಚಳಿಯಲ್ಲಿ ಕೈಗೆ ಕೊರೆಯುವುದಿಲ್ಲ, ಆದರೆ ದುಬಾರಿ. ದುಡ್ಡು ಅಷ್ಟಿಲ್ಲದವರು ಬೇಸರ ಪಡಬೇಕಿಲ್ಲ. ಗಟ್ಟಿಯಾದ ಅಲ್ಯೂಮಿನಿಯಂ ಕಾಲು, ಒಳ್ಳೆಯ ಬಾಲ್ ಹೆಡ್, ಇಷ್ಟರಲ್ಲಿ ರಾಯಕೋಟೆಯೂ ಶೂಲಗಿರಿ ಬೆಟ್ಟವೂ ಚೆನ್ನಾಗಿಯೇ ಸಿಗುತ್ತವೆ. ಊರಿಗೆ ಮರಳಿದ ಮೇಲೆ ಕಾಲಿನ ತಿರುಪು ಬಿಚ್ಚಿ ಒಳಗಿನ ಎಳೆಗಳಲ್ಲಿ ಸಿಕ್ಕಿಕೊಂಡ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆಯಬೇಕು. ಕರಕರ ಶಬ್ದ ಬಂದ ಮೇಲೆ ತೆಗೆದರೆ ತಡವಾಯಿತೆಂದೇ ಅರ್ಥ.

ಬ್ಯಾಗ್ ಬಗ್ಗೆ ನನ್ನ ಮಾತು ಚಿಕ್ಕದು. ಬೆಂಗಳೂರಿನಿಂದ ಸೇಲಂಗೆ ಹೋಗುವ ರೈಲು ಹೊಸೂರು, ಕೆಲಮಂಗಲ ದಾಟಿ ರಾಯಕೋಟೆಯಲ್ಲಿ ನಿಲ್ಲುತ್ತದೆ. ಕೃಷ್ಣಗಿರಿ ಪಟ್ಟಣಕ್ಕೆ ರೈಲಿಲ್ಲ, ಬಸ್ಸೇ ಗತಿ. ಜನ ತುಂಬಿದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಲು ಆಗದ ಬ್ಯಾಗ್ ಈ ಸೀಮೆಗೆ ತಕ್ಕದ್ದಲ್ಲ. ಸೊಂಟದ ಪಟ್ಟಿ ಅಗಲವಾಗಿರಲಿ, ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯಲಿ. ಬೆನ್ನಿಗೆ ತಾಗುವ ಬದಿಯಿಂದ ತೆರೆದುಕೊಳ್ಳುವ ಬ್ಯಾಗ್ ಆದರೆ ಕೆಸರಿನಲ್ಲಿ ಇಟ್ಟರೂ ಪಟ್ಟಿ ಕೊಳಕಾಗುವುದಿಲ್ಲ. ಟ್ರೈಪಾಡನ್ನು ಪಕ್ಕಕ್ಕೆ ಕಟ್ಟಿದರೆ ನಡೆಯುವಾಗ ಮೈ ಒಂದು ಕಡೆಗೆ ವಾಲುತ್ತದೆ, ನಡುವೆ ಕಟ್ಟಬೇಕು. ಎರಡು ಲೆನ್ಸ್ ಸಾಕು. ಮೂರನೆಯದರ ಜಾಗದಲ್ಲಿ ನೀರಿನ ಬಾಟಲಿ ಇರಲಿ. ಬೆಳಿಗ್ಗೆ ಹತ್ತು ಗಂಟೆಗೆ ದುರ್ಗದ ಕಲ್ಲು ಕಾದು ಹೆಂಚಾಗುತ್ತದೆ.

ಭಾರದ ಮಾತಿಗೆ ಇನ್ನೊಂದು ಕಾರಣವೂ ಇದೆ: ಆನೆ ಎದುರಾದರೆ ಹೊರೆ ಹೊತ್ತು ಬೇಗ ಸರಿಯಲಾಗದು. ಚಳಿಗಾಲದಲ್ಲಿ ಬನ್ನೇರುಘಟ್ಟದ ಕಡೆಯಿಂದ ಆನೆಗಳು ದೆಂಕಣಿಕೋಟೆ, ಸಾನಮಾವು ಕಾಡುಗಳಿಗೆ ಬರುತ್ತವೆ. ಹೊಸೂರು-ರಾಯಕೋಟೆ ರಸ್ತೆಯನ್ನು ದಾಟುತ್ತವೆ, ರಾಗಿ ಹೊಲಕ್ಕೆ ಇಳಿಯುತ್ತವೆ. ಮಂಜು ಚೆನ್ನಾಗಿ ಸಿಗುವುದೂ ಅದೇ ತಿಂಗಳುಗಳಲ್ಲಿ. ಸೂರ್ಯ ಹುಟ್ಟುವ ಮುಂಚೆ ಕಾಡಂಚಿನ ರಸ್ತೆಬದಿಯಲ್ಲಿ ಮುಕ್ಕಾಲಿ ನಿಲ್ಲಿಸಿ ಕಣ್ಣನ್ನು ಕ್ಯಾಮೆರಾಕ್ಕೆ ಅಂಟಿಸಿಕೊಂಡು ನಿಲ್ಲುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಅಲ್ಲಿ ಬೆಳಕು ಹರಿಯುವ ತನಕ ಕಾರಿನಿಂದ ಇಳಿಯಬೇಡಿ. ಹಳ್ಳಿಯವರು ಬೇಡವೆಂದ ದಾರಿಗೆ ಹೋಗಲೇಬೇಡಿ.

ಕ್ಯಾಪ್ಟನ್ ಅವರೇ, ನಿಮ್ಮನ್ನು ಕರೆದುಕೊಂಡು ಹೋಗಲು ನನಗೆ ಸಂಕಟವಾಗುವ ಜಾಗ ಒಂದಿದೆ. ಹೊಸೂರಿನ ಪಕ್ಕದ ಕೆಲವರಪಲ್ಲಿ ಅಣೆಕಟ್ಟು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಪೂರ್ವದ ಅಂಚನ್ನು ಹಾಯ್ದು, ಆ ಊರಿನ ಕೊಳಚೆಯನ್ನು ಹೊತ್ತು ಇಲ್ಲಿಗೆ ಬರುತ್ತದೆ. ನೀರು ಬಿಟ್ಟಾಗ ಬಿಳಿ ನೊರೆ ಬೆಟ್ಟದ ಹಾಗೆ ಏಳುತ್ತದೆ. ನಿಮ್ಮ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು, ಆದ್ದರಿಂದ ಹರಿಯುವ ನೀರು ಹಾಲಿನಂತೆ ನುಣುಪಾಗುವುದು ನಿಮಗೆ ಅನಿವಾರ್ಯವಾಗಿತ್ತು. ಈಗ ಕಪ್ಪು ಫಿಲ್ಟರ್ ಹಾಕಿ, ಶಟರನ್ನು ಅರ್ಧ ನಿಮಿಷ ತೆರೆದಿಟ್ಟು, ಅದೇ ನುಣುಪನ್ನು ಬೇಕೆಂದೇ ಮಾಡುತ್ತಾರೆ. ಆ ಚಿತ್ರದಲ್ಲಿ ನೊರೆ ಮಂಜಾಗಿ, ಹಿಮವಾಗಿ ಕಾಣುತ್ತದೆ. ನೋಡಿದವರು ಹೋಗಿ ಬರೋಣ ಎನ್ನುತ್ತಾರೆ. ಕೆಳಗಿನ ಹೊಲಗಳಿಗೆ ಹಾಯುವುದು ಆ ನೀರೇ. ಕೆಲವರಪಲ್ಲಿಯಲ್ಲಿ ದಯವಿಟ್ಟು ವೇಗದ ಶಟರ್ ಇಡಿ, ಒಂದೊಂದು ಗುಳ್ಳೆಯೂ ಗುಳ್ಳೆಯಾಗಿಯೇ ಕಾಣಲಿ. ದಡದ ಮನೆ, ಪೈರು, ದನ ಚೌಕಟ್ಟಿನ ಒಳಗೇ ಇರಲಿ. ಬರ್ಮಾದ ನೆಗೆಟಿವ್‌ಗಳಲ್ಲಿ ಆಕಾಶ ಬೆಳ್ಳಗೆ ಖಾಲಿಯಾದಾಗ ನೀವು ಕುಂಚ ಹಿಡಿದು ಮೋಡ ಬರೆದಿರಿ. ಕಾಗದಕ್ಕೆ ಹಿಡಿಯಲಾಗದ್ದನ್ನು ಕೈಯಿಂದ ತುಂಬಿದಿರಿ, ಅದನ್ನು ನಾನು ಒಪ್ಪುತ್ತೇನೆ. ಕಣ್ಣೆದುರಿಗೇ ಇರುವ ಕೊಳೆಯನ್ನು ಅಳಿಸುವುದನ್ನು ಒಪ್ಪಲಾರೆ.

ಕೊನೆಗೆ ಒಂದು ಕೆಲಸದ ಪ್ರಸ್ತಾಪ. ನೀವು 1858ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಬುಡದ ಶಾಸನಗಳನ್ನು ಕ್ಯಾಮೆರಾ ಸರಿಸುತ್ತ ಸರಿಸುತ್ತ 21 ನೆಗೆಟಿವ್‌ಗಳಲ್ಲಿ ಹಿಡಿದು ಒಂದೇ ಉದ್ದನೆಯ ಚಿತ್ರವಾಗಿ ಜೋಡಿಸಿದಿರಿ. ಮುಕ್ಕಾಲಿಯ ಮಟ್ಟ ಎಷ್ಟು ಕಟ್ಟುನಿಟ್ಟಾಗಿತ್ತೆಂಬುದು ಅದರಲ್ಲಿ ಕಾಣುತ್ತದೆ. ಅಂಥ ಶಿಸ್ತಿನಲ್ಲೇ ನಿಮ್ಮ ರಾಯಕೋಟೆಯ ಚಿತ್ರಗಳನ್ನು ನಾವು ಮತ್ತೆ ತೆಗೆಯಬೇಕು. ನೀವು ನಿಂತ ಜಾಗ, ಅದೇ ಎತ್ತರ, ಅದೇ ಹೊತ್ತಿನ ನೆರಳು. ದುರ್ಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಒಳಗೆ ಟ್ರೈಪಾಡ್ ಇಡಲು ಮೊದಲೇ ಅನುಮತಿ ಪಡೆಯಬೇಕು. ಆದ್ದರಿಂದ ಊರಿನ ಕಡೆಯಿಂದ, ಬಯಲಿನಿಂದ ಕಾಣುವ ನೋಟಗಳಿಂದ ಶುರುಮಾಡಬಹುದು. ಹೊಸೂರಿನ ಕಾಲೇಜುಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರನ್ನೂ ಆಡುವ ಮಕ್ಕಳಿದ್ದಾರೆ. ನೀವು ಎಲ್ಲಿ ನಿಂತಿರಬಹುದೆಂದು ಊರಿನ ಹಿರಿಯರನ್ನು ಕೇಳಿ ತಿಳಿಯಲು ಅವರಿಗಿಂತ ತಕ್ಕವರಿಲ್ಲ. ಮಟ್ಟ ತೋರುವ ಗುಳ್ಳೆ ಸರಿಯಿರುವ ಒಂದು ಟ್ರೈಪಾಡ್, ಅಳತೆಯ ಟೇಪು, ನಿಮ್ಮ ಚಿತ್ರದ ಒಂದು ಪ್ರತಿ, ಎಲ್ಲವನ್ನೂ ಹೊರುವ ಒಂದು ಸಾಧಾರಣ ಬ್ಯಾಗ್ ಇದ್ದರೆ ಮಳೆ ನಿಂತ ಮೇಲಿನ ತಿಳಿ ಬೆಳಕಿನಲ್ಲಿ ಕೆಲಸಕ್ಕೆ ಇಳಿಯಬಹುದು. ಬರುವವರು ರಾಯಕೋಟೆ ಸ್ಟೇಷನ್ನಿನಲ್ಲಿ ಇಳಿಯಿರಿ, ಮುಂದಿನ ದಾರಿಗೆ ನಾನು ಜೊತೆಯಾಗುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಹೊಸೂರಿನ ಒಬ್ಬ ಛಾಯಾಗ್ರಾಹಕ