ಸಹಜ ಇರ್ರಿ!

ಹಂದರಕ್ಕೆ ಅಯ್ನಾರಿಗಿಂತ ಮೊದಲೇ ಬಂದು, ಪಾತ್ರೆ ತೊಳೆಯುವವರು ಹೋದ ಮೇಲೂ ಉಳಿಯುವ ಒಬ್ಬ ಮನುಷ್ಯ ಈಗ ನಮ್ಮ ಹಾವೇರಿ ಜಿಲ್ಲೆಯ ಲಗ್ನಗಳಲ್ಲಿ ಕಾಣಿಸಿಕೊಂಡಿದ್ದಾನೆ. ಹಾನಗಲ್ಲಿನವನಿರಲಿ, ಶಿಗ್ಗಾಂವಿಯವನಿರಲಿ, ಚಹರೆ ಒಂದೇ: ಕರಿ ಟೀ ಶರ್ಟು, ಎರಡು ಹೆಗಲಿಗೆ ಎರಡು ಕ್ಯಾಮೆರಾ, ಮೊಣಕಾಲಲ್ಲಿ ಹರಿದ ಪ್ಯಾಂಟು. (ಹರಿದದ್ದಕ್ಕೇ ರೊಕ್ಕ ಜಾಸ್ತಿಯಂತೆ.) ‘ಫೋಟೋದಾಂವ’ ಎಂದರೆ ಮುಖ ಬಾಡಿಸುತ್ತಾನೆ. ಅವನು ತೆಗೆಯುವುದು ಫೋಟೋ ಅಲ್ಲ, ಕ್ಯಾಂಡಿಡ್. ಹಾಗಾಗಿ ನಾವೆಲ್ಲ ಅವನಿಗೆ ಕ್ಯಾಂಡಿಡಣ್ಣ ಅನ್ನುತ್ತೇವೆ.

ಹಿಂದಿನ ಸ್ಟುಡಿಯೋ ಕಾಕಾನ ಯಾಶಿಕಾ ಡಬ್ಬಿಯಲ್ಲಿ ಒಂದು ರೋಲಿಗೆ 12 ಫೋಟೋ. ಅದಕ್ಕೇ ಅವನು ‘ಉಸಿರು ಹಿಡೀರಿ’ ಎಂದರೆ ಇಡೀ ಬೀಗರ ಪಾಳಯ ಫೌಜದಾರರ ಎದುರು ನಿಂತಂತೆ ನಿಲ್ಲುತ್ತಿತ್ತು. ಕ್ಯಾಂಡಿಡಣ್ಣ ಅಕ್ಕಿಕಾಳು ಬೀಳುವುದರೊಳಗೆ ಸಾವಿರ ದಾಟಿಸಿರುತ್ತಾನೆ. ಅವನ ಬಾಯಲ್ಲಿ ಎರಡೇ ಮಾತು: ‘ನನ್ನ ಕಡೆ ನೋಡಬ್ಯಾಡ್ರಿ. ಸಹಜ ಇರ್ರಿ.’

ಸಹಜ ಇರುವುದು ಎಷ್ಟು ಕಷ್ಟ ಎಂಬುದು ನಮಗೆ ನಮ್ಮ ಮನೆಯ ಲಗ್ನದಲ್ಲಿ, ಸುರಿಗಿ ನೀರಿನ ಹೊತ್ತಿಗೆ ತಿಳಿಯಿತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿಯಾಗಿತ್ತು. ಮುತ್ತೈದೆಯರು ನೀರು ಹಾಕಿದರು. ‘ಅಕ್ಕಾರ, ನಗು ಸಹಜ ಬರ್ಲಿಲ್ಲ, ಇನ್ನೊಮ್ಮೆ ಸುರೀರಿ.’ ಹೀಗೆ ಮೂರು ಸಲ. ಮೂರನೆಯದಕ್ಕೆ ಮದುಮಗಳ ಹಲ್ಲು ಕಟಕಟ ಅನ್ನತೊಡಗಿದವು. ‘ನಡುಗೋದು ಭಾರೀ ಬಂತ್ರಿ!’ ಎಂದು ಕುಣಿದ. ಹೆಣ್ಣು ಒಪ್ಪಿಸುವಾಗ ತಾಯಿ ಸೆರಗು ಬಾಯಿಗೆ ಹಿಡಿದರೆ, ‘ಅವ್ವಾರ, ಚೂರು ತಡೀರಿ, ಲೆನ್ಸ್ ಬದಲಿ ಮಾಡ್ತೀನಿ... ಹಾಂ, ಈಗ ಅಳ್ರಿ.’ ಆ ತಾಯಿ ಪಾಪ, ಅಷ್ಟರಲ್ಲಿ ನಗುತ್ತಿದ್ದಳು.

ಲಗ್ನಕ್ಕೆ ಮೊದಲಿನ ಶೂಟಿಂಗಿನ ಕತೆಯೇ ಬೇರೆ. ‘ಹಳ್ಳಿ ಫೀಲ್ ಬೇಕು’ ಎಂದು ಜೋಡಿಯನ್ನು ಹೊಲದಿಂದ ಎಬ್ಬಿಸಿ, ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಕರೆದೊಯ್ದು ಸಿಮೆಂಟಿನ ರೈತರ ನಡುವೆ ನಿಲ್ಲಿಸಿದ. ಸವಣೂರಿನ ದೊಡ್ಡಹುಣಸೆ ಮರವನ್ನು ಇಬ್ಬರೂ ಎರಡು ಕಡೆಯಿಂದ ತಬ್ಬಿಕೊಳ್ಳಬೇಕಿತ್ತು. ಆಫ್ರಿಕಾ ಮೂಲದ ಆ ಮರದ ಸುತ್ತಳತೆ ಎಷ್ಟೆಂದರೆ, ಆಚೆಯವನು ಚಹಾ ಕುಡಿಯಲು ಹೋದದ್ದು ಈಚೆಯವಳಿಗೆ ಗೊತ್ತೇ ಆಗಲಿಲ್ಲ.

ಹುಬ್ಬಳ್ಳಿಯ ಯಾವುದೋ ತರಬೇತಿಯಲ್ಲಿ ಕ್ಯಾಂಡಿಡಣ್ಣ ಫೋಟೋಗ್ರಾಫರ್ ಕಾರ್ಟಿಯೆ ಬ್ರೆಸಾನನ ಹೆಸರು ಕೇಳಿ ಬಂದಿದ್ದಾನೆ. ಆ ಫ್ರೆಂಚ್ ಮಹಾಶಯ ಕಣ್ಣು ಕುಕ್ಕಬಾರದೆಂದು ತನ್ನ ಪುಟ್ಟ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಕ್ಕೆ ಕರಿ ಪಟ್ಟಿ ಅಂಟಿಸುತ್ತಿದ್ದನಂತೆ. ಅವನ 1952ರ ಪುಸ್ತಕದ ಮೂಲ ಹೆಸರಲ್ಲೇ ಗಡಿಬಿಡಿಯಲ್ಲಿ, ಕದ್ದು ತೆಗೆದ ಚಿತ್ರ ಎಂಬ ಅರ್ಥವಿದೆ. ನಮ್ಮವನಿಗೂ ಕದ್ದೇ ತೆಗೆಯುವ ಆಸೆ. ಆದರೆ ತಲೆಯ ಮೇಲೆ ಅವನ ಡ್ರೋನು ಗುಂಯ್ಗುಡುತ್ತಿತ್ತಲ್ಲ! ನಾವು ಎಸೆದ ಅಕ್ಕಿಕಾಳು ಅದರ ಗಾಳಿಗೆ ತಿರುಗಿ ನಮ್ಮ ತಲೆಗೇ ಬಿದ್ದು, ಅರವತ್ತು ದಾಟಿದವರಿಗೆಲ್ಲ ಇನ್ನೊಮ್ಮೆ ಲಗ್ನವಾಯಿತು.

ಮೂರು ತಿಂಗಳಿಗೆ ಆಲ್ಬಮ್ ಬಂತು. ತೂಕ, ಒಂದು ಮಗು ಎತ್ತಿದಷ್ಟು. ಅಜ್ಜ ಚಾಳೀಸು ಏರಿಸಿ ಕುಳಿತ.

‘ಹಿರೇಕೆರೂರ ಬೀಗರು ಎಲ್ಲ್ಯದಾರಪಾ?’

ಮೊದಲ ಪುಟದಲ್ಲಿ ಬಳೆ. ಎರಡನೆಯದರಲ್ಲಿ ಬರೀ ಮೂಗುತಿ. ಆಮೇಲೆ ಬುಂದೆ, ಅನ್ನದ ಹಬೆ, ಯಾರದೋ ಬೆನ್ನಿಗೆ ಬಿದ್ದ ಬಿಸಿಲು, ಹಿಂದೆ ಮಸುಕಾದ ಜನ.

ಅಜ್ಜನ ಪ್ರಶ್ನೆ ಸಣ್ಣದಲ್ಲ. ನಮ್ಮ ಕಡೆ ಆಲ್ಬಮ್ ಎಂದರೆ ಖಾತೆ ಪುಸ್ತಕ: ಯಾರು ಬಂದರು, ಯಾರು ಮುಯ್ಯಿ ಮಾಡಿದರು, ಯಾರು ಪಟಗಾ ಸುತ್ತಿಸಿಕೊಂಡೂ ಸಿಟ್ಟಿನಲ್ಲೇ ಇದ್ದರು. ಸ್ಟುಡಿಯೋ ಕಾಕಾನ ಬಿಗಿದ ಮುಖದ ಸಾಲುಗಳಲ್ಲಿ ಇವೆಲ್ಲ ದಾಖಲಾಗಿರುತ್ತಿದ್ದವು. ಹಿರೇಕೆರೂರಿನವರು ಬಂದೇ ಇಲ್ಲ ಎಂದು ಅಜ್ಜ, ಬಂದಿದ್ದರು ಎಂದು ಅಜ್ಜಿ. ಲಗ್ನ ಮುಗಿದಾಗಿನಿಂದ ಇದೇ ವ್ಯಾಜ್ಯ.

‘ಎಲ್ಲಾ ಡಾಕ್ಯುಮೆಂಟರಿ ಸ್ಟೈಲ್ ಐತ್ರಿ ಅಜ್ಜಾರ,’ ಎಂದ ಕ್ಯಾಂಡಿಡಣ್ಣ, ಸ್ವಲ್ಪ ಬೆವರಿ.

ಕೊನೆಯ ಪುಟದಲ್ಲಿ ಹಂದರದ ಬಾಗಿಲಿನ ಚಪ್ಪಲಿಗಳ ರಾಶಿ, ಸಂಜೆ ಬೆಳಕಿನಲ್ಲಿ. ಅಜ್ಜಿ ಆಲ್ಬಮ್ಮನ್ನು ಕಣ್ಣಿನ ಹತ್ತಿರ ತಂದು, ಬೆರಳಿಟ್ಟು ಹೇಳಿದಳು:

‘ಇಲ್ಲೋಡ್ರಿ, ಉಂಗುಟ ಹರದದ್ದಕ್ಕ ಹಸಿರು ದಾರ ಕಟ್ಯಾರ. ಹಿರೇಕೆರೂರ ಬೀಗರದು. ಬಂದಿದ್ರು.’