ಪಕ್ಕದ ಮೇಜಿನ ಪರದೇಶಿ

ಮುದಗಲ್‌ನ ಒಂದು ಆಫೀಸು. ಎರಡು ಮೇಜು, ಎರಡು ಕಂಪ್ಯೂಟರು, ನಡುವೆ ಮೊಳದಷ್ಟು ಜಾಗ. ಕುಂತಲ್ಲಿಂದಲೇ ಕೈ ಚಾಚಿ ಚಹಾ ಕೊಡಬಹುದು. ಆದರೆ ಒಂದು ಕಂಪ್ಯೂಟರಿನಲ್ಲಿ 'ನೆಟ್‌ವರ್ಕ್' ಒತ್ತಿದರೆ ಅದಕ್ಕೆ ಕಾಣುವುದು ತನ್ನ ಹೆಸರೊಂದೇ. ಮೊಹರಂಗೆ ಎಲ್ಲೆಲ್ಲಿಂದಲೋ ಬಂದ ಜನ ಗದ್ದಲದಲ್ಲೂ ಒಬ್ಬರನ್ನೊಬ್ಬರು ಗುರುತು ಹಿಡಿಯುವ ಊರಿದು!

"ಕಾಣವಲ್ದುರಿ ಸರ" ಎಂದು ಲಿಂಗಸುಗೂರಿಗೆ ಫೋನು ಹೋಗುತ್ತದೆ. "ಬಂದ್ ಮಾಡಿ ಚಾಲೂ ಮಾಡ್ರಿ" ಎಂಬ ಉತ್ತರ ಬರುತ್ತದೆ. ಮಾಡುತ್ತಾರೆ. ಕಾಣವಲ್ದು.

ಮಧ್ಯಾಹ್ನ ಬಸ್ಸಿಳಿದು ಬಂದ ರಿಪೇರಿ ಹುಡುಗ ಮೊದಲು ಕೇಬಲ್ಲಿನ ತುದಿ ಅಲುಗಾಡಿಸುತ್ತಾನೆ. ಆಮೇಲೆ ಕರಿ ಪರದೆ ತೆರೆದು ಐಪಿ ನಂಬರ್ ಓದುತ್ತಾನೆ. ಅದು 169.254ರಿಂದ ಶುರುವಾದರೆ, ವಿಳಾಸ ಹಂಚಬೇಕಾದ ರೂಟರ್ ಸುಮ್ಮನಿದೆ, ಯಂತ್ರ ತನಗೆ ತಾನೇ ಒಂದು ವಿಳಾಸ ಕೊಟ್ಟುಕೊಂಡಿದೆ ಎಂದರ್ಥ. ಇಲ್ಲಿ ಹಾಗಿಲ್ಲ, ಎರಡರದೂ 192.168ರ ಮನೆತನ. ಪಕ್ಕದ ಯಂತ್ರಕ್ಕೆ "ಇದ್ದೀಯಾ?" ಎಂದು 'ಪಿಂಗ್' ಹೊಡೆದರೆ ನಾಲ್ಕಕ್ಕೆ ನಾಲ್ಕೂ ಉತ್ತರ ಬಂದವು. 1983ರಲ್ಲಿ ಅಮೆರಿಕದ ಮೈಕ್ ಮೂಸ್ ಬರೆದ ಈ ಪುಟ್ಟ ಪ್ರೋಗ್ರಾಮು ಇವತ್ತಿಗೂ ಸುಳ್ಳಾಡುವುದು ಅಪರೂಪ. "ಜೀವ ಐತ್ರಿ, ಮಾರಿ ತೋರಸವಲ್ದು" ಎಂದ ಹುಡುಗ.

ಮಾರಿ ತೋರಿಸುವ ಕೆಲಸ ಹಿಂದೆ ಚುನಾವಣೆಯಿಂದ ನಡೆಯುತ್ತಿತ್ತು. ತಮಾಷೆಯಲ್ಲ, ಅದರ ಹೆಸರೇ ಎಲೆಕ್ಷನ್. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಒಂದು ಗುಂಪಿನ ಕಂಪ್ಯೂಟರುಗಳು ತಮ್ಮೊಳಗೇ 'ಮಾಸ್ಟರ್ ಬ್ರೌಸರ್' ಒಬ್ಬನನ್ನು ಆರಿಸುತ್ತಿದ್ದವು. ಸಾಮಾನ್ಯವಾಗಿ ಹೊಸ ವಿಂಡೋಸ್ ಇದ್ದವನಿಗೇ ಗೆಲುವು. ಹೆಸರಿನ ಪಟ್ಟಿ ಅವನ ಕೈಲಿ. ಉಳಿದವು 12 ನಿಮಿಷಕ್ಕೊಮ್ಮೆ "ನಾನಿದ್ದೀನಿ" ಎಂದು ಕೂಗಬೇಕು. ಮೂರು ಸಲ ಕೂಗದಿದ್ದರೆ ಮಾತ್ರ ಹೆಸರು ಹೊಡೆದುಹಾಕುತ್ತಿದ್ದ. ಹಾಗಾಗಿ ಕರೆಂಟ್ ಹೋಗಿ ಸತ್ತ ಯಂತ್ರ 36 ನಿಮಿಷದವರೆಗೂ ಪಟ್ಟಿಯಲ್ಲಿ ಬದುಕಿರಬಹುದಿತ್ತು. ಮತದಾರರ ಪಟ್ಟಿ ಕಂಡವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ಪಿಡುಗು ವಿಂಡೋಸ್ ಫೈಲು ಹಂಚಿಕೊಳ್ಳುವ 'ಎಸ್‌ಎಂಬಿ' ಎಂಬ ಪದ್ಧತಿಯ ಹಳೇ ಕಿಂಡಿಯಿಂದಲೇ ನುಗ್ಗಿ ಜಗತ್ತಿನ ಫೈಲುಗಳಿಗೆ ಬೀಗ ಹಾಕಿತು. ಆ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಹೊಸ ಆವೃತ್ತಿಯಲ್ಲಿ ಹಳೇ ಎಸ್‌ಎಂಬಿಯೂ ತಾನಾಗಿ ಉಳಿಯಲಿಲ್ಲ, ಅದರ ಬೆನ್ನಿಗಿದ್ದ ಚುನಾವಣೆಯೂ ಉಳಿಯಲಿಲ್ಲ.

ಈಗ ಎಲ್ಲಾ ಅನುಮಾನದ ಕಾಲ. ನೆಟ್‌ವರ್ಕಿಗೆ ಮೊದಲ ಸಲ ಜೋಡಿಸಿದಾಗ ವಿಂಡೋಸ್ 10, ಈ ಯಂತ್ರ ಉಳಿದವಕ್ಕೆ ಕಾಣಬಹುದೇ ಎಂದು ಒಂದು ಪ್ರಶ್ನೆ ಕೇಳುತ್ತದೆ. ಅದನ್ನು ಓದಿ ಉತ್ತರಿಸಿದ ಗುಮಾಸ್ತ ಇನ್ನೂ ಹುಟ್ಟಿಲ್ಲ. ಉತ್ತರ ತಪ್ಪಿತೋ, ನೆಟ್‌ವರ್ಕು 'ಪಬ್ಲಿಕ್' ಆಯಿತು. ಬಹಮನಿ ದಂಡು ಬಂತೆಂದು ಕೋಟೆಯ ಅಗಸಿ ಹಾಕಿದಂತೆ ಯಂತ್ರ ಪಕ್ಕದ ಮೇಜಿಗೂ ಬಾಗಿಲು ಹಾಕುತ್ತದೆ.

ಹುಡುಗ ಅದನ್ನು 'ಪ್ರೈವೇಟ್' ಮಾಡಿದ. ನೆಟ್‌ವರ್ಕ್ ಡಿಸ್ಕವರಿ, ಫೈಲ್ ಶೇರಿಂಗ್ ಎರಡನ್ನೂ ಚಾಲೂ ಮಾಡಿದ. ನಿಂತಿದ್ದ 'ಫಂಕ್ಷನ್ ಡಿಸ್ಕವರಿ' ಸರ್ವಿಸನ್ನೂ ಎಬ್ಬಿಸಿದ. ಪರದೆಯ ಮೇಲೆ ಎರಡು ಹೆಸರು ಮೂಡಿದವು. ಎರಡೂ 'ಡೆಸ್ಕ್‌ಟಾಪ್' ಎಂದು ಶುರುವಾಗಿ ಏಳು ಅಡ್ಡಾದಿಡ್ಡಿ ಅಕ್ಷರಗಳಲ್ಲಿ ಮುಗಿಯುತ್ತವೆ.

"ಇದರಾಗ ಕ್ಯಾಷಿಯರಣ್ಣಂದು ಯಾವ್ದೋ?"

ಒಂದನ್ನು ಒತ್ತಿದರು. ಪಾಸ್‌ವರ್ಡ್ ಕೇಳಿತು. ಅದನ್ನು ಇಟ್ಟವರು ಸಿಂಧನೂರಿಗೆ ವರ್ಗವಾಗಿದ್ದಾರೆ. ಫೋನು ಹಚ್ಚಿದರೆ ಅವರು, "ನಂದಲ್ಲೋ ತಮ್ಮಾ, ನನಗಿಂತ ಮೊದಲಿದ್ರಲ್ಲ, ಅವರ್ದು" ಎಂದರು.